ವಾಮಕುಕ್ಷಿ ಮೇಡಂ

ಜೂನ್ 8, ಭಾನುವಾರ, ಬೆಳಿಗ್ಗೆ ಆರು ಇಪ್ಪತ್ತು. ಬಳ್ಳಾರಿಯ ನಮ್ಮ ಮನೆಯ ಮಾಳಿಗೆಯ ಮೇಲೆ ಕೂತು ಇದನ್ನು ಶುರು ಮಾಡಿದ್ದೇನೆ. ಏಳೂವರೆ ಆದರೆ ಇಲ್ಲಿ ಕೂರಲಿಕ್ಕಾಗುವುದಿಲ್ಲ, ಕೋಟೆ ಗುಡ್ಡದ ಬಂಡೆಗಳು ಅಷ್ಟೊತ್ತಿಗೇ ಕಾದು ಕಾವನ್ನು ಊರ ಮೇಲೆ ಉಗುಳತೊಡಗುತ್ತವೆ. ಕೆಳಗೆ ತಮ್ಮ ಮಲಗಿದ್ದಾನೆ. ಹೀಗೆ ಬರೆಯುವ ಮೊದಲು ಒಂದು ಸಲ ಕೆಳಗಿಳಿದು ಹೋಗಿ ಅವನನ್ನು ಕರೆದೆ. "ಏನಕ್ಕಾ, ಐತ್ವಾರ ಸುದ್ದಾ ಬಿಡೂದಿಲ್ಲೇನು?" ಎಂದು ಬೈದು ಮಗ್ಗುಲು ಬದಲಿಸಿದ. ಹಾಗಾದರೆ ಬರೆಯಬಹುದು. ಮಲಗಿದ್ದಾನೆ.

ಈ ಒಂದು ಶಬ್ದವನ್ನು ಇಷ್ಟು ಜಾಗ್ರತೆಯಿಂದ ಬಳಸಲು ನನಗೆ ಕಲಿಸಿದವರು ಹೋದ ಶನಿವಾರದ ಹಿಂದಿನ ಶನಿವಾರ, ಮೇ 31ಕ್ಕೆ, ನಿವೃತ್ತರಾದರು. ಕುರುಗೋಡಿನ ನಮ್ಮ ಹೈಸ್ಕೂಲಿನಲ್ಲಿ ಅವರು ಕನ್ನಡ ಪಾಠ ಮಾಡುತ್ತಿದ್ದರು, ನಾನು ಗಣಿತ. ಅವರ ಬಗ್ಗೆ ಬರೆಯುತ್ತೇನೆ ಅಂದಾಗ "ಬರಿ, ಆದ್ರ ಹೆಸರು ಹಾಕಬ್ಯಾಡ. ಹೆಸರು ಹಾಕಿದ್ರ ಜನ ಹೆಸರು ಓದ್ತಾರ, ವಿಷಯ ಓದೂದಿಲ್ಲ" ಅಂದರು. ಮಕ್ಕಳು ಬೆನ್ನ ಹಿಂದೆ ಕರೆಯುತ್ತಿದ್ದ ಹೆಸರನ್ನು ಹಾಕಬಹುದಾ ಎಂದು ಕೇಳಿದೆ. "ಅದು ನನಗ ಗೊತ್ತೇ ಇಲ್ಲಲ್ಲ, ನನ್ನನ್ಯಾಕ ಕೇಳ್ತಿ?" ಅಂದು ನಕ್ಕರು. ಆದ್ದರಿಂದ ಅದನ್ನೇ ಹಾಕಿದ್ದೇನೆ.

ನಾವಿಬ್ಬರೂ ಬಳ್ಳಾರಿಯಿಂದ ಒಂದೇ ಬಸ್ಸಿಗೆ ಹೋಗುತ್ತಿದ್ದೆವು. ಕಿಟಕಿಯ ಪಕ್ಕದ ಸೀಟು ಯಾವಾಗಲೂ ಅವರದು, ನನಗೆ ಅದರ ಪಕ್ಕದ್ದು. ಕುರುಗೋಡಿನ ಗುಡ್ಡ ಕಾಣುವವರೆಗೆ ಅವರ ಕೆಲಸ ಒಂದೇ, ಜನರ ಶಬ್ದ ತಿದ್ದುವುದು. ಕಂಡಕ್ಟರನನ್ನೂ ಬಿಡುತ್ತಿರಲಿಲ್ಲ. ಅವನು "ಮುಂದ ಖಾಲಿ ಐತಿ, ಹೋಗ್ರಿ ಹೋಗ್ರಿ" ಎಂದು ಕೂಗಿದರೆ, "ಖಾಲಿ ಇಲ್ಲಪ್ಪಾ, ಸಡ್ಲ ಅದ. ಖಾಲಿ ಅಂದ್ರ ಯಾರೂ ಇರಬಾರದು" ಅನ್ನುವರು. ಅವನು "ಆತ್ರೀ ಮೇಡಂ, ಮುಂದ ಸಡ್ಲ ಐತಿ" ಎಂದು ತಿದ್ದಿಕೊಂಡು ಮತ್ತೊಮ್ಮೆ ಕೂಗುವನು, ಬಸ್ಸಿನ ತುಂಬ ನಗೆ. ಡೈರಿಯಲ್ಲಿ ಲೆಕ್ಕ ಇಡುವುದು ನನ್ನ ಚಟ. ಅವರ ಜೊತೆ ಓಡಾಡಿದ ಮೊದಲ ವರ್ಷ ಅವರು ನನ್ನ ನಲವತ್ತೊಂದು ಶಬ್ದ ತಿದ್ದಿದರು. ಎರಡನೆಯ ವರ್ಷ ಹದಿಮೂರು. ಆ ಹದಿಮೂರರಲ್ಲಿ ಒಂದರಿಂದ ತಮ್ಮ ಉಳಿದ.

ಹೆಸರಿನ ಕಥೆ ಮೊದಲು ಹೇಳಿಬಿಡುತ್ತೇನೆ. ಮಧ್ಯಾಹ್ನ ಡಬ್ಬಿ ಊಟ ಮುಗಿಯಿತೆಂದರೆ ಸ್ಟಾಫ್ ರೂಮಿನ ಎರಡು ಬೆಂಚು ಜೋಡಿಸಿ, ಕೈಚೀಲವನ್ನು ತಲೆಗೆ ಕೊಟ್ಟು, ಸೆರಗು ಹೊದ್ದು ಎಡಮಗ್ಗುಲಾಗುವರು. ಇಪ್ಪತ್ತು ನಿಮಿಷ. ಗಂಟೆ ಹೊಡೆಯುವ ಮೊದಲೇ ಎದ್ದು ಸೀರೆ ಸರಿಮಾಡಿಕೊಂಡು ನಿಂತಿರುವರು. ಅವರಂಥ ಆಚಾರದ ಮನೆಗಳಲ್ಲಿ ಊಟದ ಮೇಲಿನ ಈ ಸಣ್ಣ ನಿದ್ದೆಗೆ ವಾಮಕುಕ್ಷಿ ಅನ್ನುತ್ತಾರಂತೆ. ನಮ್ಮ ಕಡೆ ಆ ಶಬ್ದ ಇಲ್ಲ, ನಾವು "ಜರಾ ಅಡ್ಡ ಆಗ್ತೀನಿ" ಅನ್ನುತ್ತೇವೆ. ಹೊಸದಾಗಿ ಬಂದ ಡ್ರಾಯಿಂಗ್ ಮಾಸ್ತರರು ಒಂದು ದಿನ "ಮೇಡಂ ನಿದ್ದಿ ಮಾಡಾಕತ್ತಾರ" ಎಂದು ಪಿಸುಗುಟ್ಟಿದರು. ಕಣ್ಣು ಮುಚ್ಚಿಕೊಂಡೇ ಉತ್ತರ ಬಂತು. "ನಿದ್ದಿ ಅಲ್ಲ ಸರ್, ವಾಮಕುಕ್ಷಿ. ವಾಮ ಅಂದ್ರ ಎಡ, ಕುಕ್ಷಿ ಅಂದ್ರ ಹೊಟ್ಟಿ. ಎಡಗಡೆ ಹೊಟ್ಟಿ ಕೆಳಗ ಮಾಡಿ ಮಲಗೂದು. ನಿದ್ದಿ ರಾತ್ರಿ ಮಾಡ್ತೀನಿ, ಅದಕ್ಕ ಪಗಾರ ಇಲ್ಲ." ಬಾಗಿಲಲ್ಲಿ ನಿಂತಿದ್ದ ಒಂಬತ್ತನೆಯ ಕ್ಲಾಸಿನವರು ಕೇಳಿಸಿಕೊಂಡರು. ಸಂಜೆಯೊಳಗೆ ಇಡೀ ಶಾಲೆಗೆ ಆ ಹೆಸರು ಹಬ್ಬಿತ್ತು.

ಹೋದ ವರ್ಷ ಏಪ್ರಿಲ್ ತಿಂಗಳ ಒಂದು ಭಾನುವಾರ ದೊಡ್ಡಕ್ಕನ ಮದುವೆ. ಬೀಗರು ಸಿರುಗುಪ್ಪದವರು, ಅಕ್ಕಿ ಮಿಲ್ಲಿನ ವ್ಯವಹಾರ. ಮದುವೆಯೂ ಅಲ್ಲೇ ಒಂದು ಕಲ್ಯಾಣಮಂಟಪದಲ್ಲಿ. ಮೇಡಂ ಇಲಕಲ್ ಸೀರೆ ಉಟ್ಟು ಬಸ್ಸಿನಲ್ಲಿ ಒಬ್ಬರೇ ಬಂದಿದ್ದರು. ನಮ್ಮಲ್ಲಿ ಉಣ್ಣುತ್ತಾರೋ ಇಲ್ಲವೋ ಎಂದು ಅವ್ವ ಅಳುಕುತ್ತ ಕೇಳಿದರೆ, "ಮಡಿ ಎಲ್ಲಾ ಮನ್ಯಾಗ ಗೂಟಕ್ಕ ಹಾಕಿ ಬಂದೀನ್ರಿ. ಹೋಳಿಗಿ ಎರಡು ಹಾಕ್ಸ್ರಿ" ಅಂದರು. ಸಿರುಗುಪ್ಪದಲ್ಲಿ ಹಿಂದೆ ಹನ್ನೊಂದು ವರ್ಷ ಕೆಲಸ ಮಾಡಿದವರಾದ್ದರಿಂದ ಊಟದ ಪಂಕ್ತಿಯಲ್ಲಿ ಇಬ್ಬರು ಹಳೆಯ ಶಿಷ್ಯರು ಸಿಕ್ಕು ಕಾಲಿಗೆ ಬಿದ್ದರು. ಒಬ್ಬನಿಗೆ ಕೈಯಲ್ಲಿದ್ದ ಮದುವೆ ಕಾರ್ಡಿನ ಕಾಗುಣಿತ ತೋರಿಸಿ ಬೈದರು. ಒಟ್ಟಿನಲ್ಲಿ ಖುಷಿಯಲ್ಲಿದ್ದರು.

ಊಟ ಆದ ಮೇಲೆ ನನ್ನನ್ನು ಹುಡುಕಿಕೊಂಡು ಬಂದು, "ಎಲ್ಲಾದ್ರೂ ಒಂದು ಚಾಪಿ ಅಗಲ ಜಾಗ ಅದ ಏನು? ನನ್ನ ಹೊತ್ತಾತು" ಅಂದರು. ನಾನು ಚಾಪೆ ಹಿಡಿದು ಮೇಲಿನ ಅಂತಸ್ತಿಗೆ ಕರೆದುಕೊಂಡು ಹೋದೆ. ಸಾಮಾನು ಇಟ್ಟಿದ್ದ ಕೋಣೆಯ ಬಾಗಿಲು ಮುಚ್ಚಿತ್ತು. ಎದುರಿಗೆ ತಮ್ಮನ ಗೆಳೆಯ ಬಸವರಾಜ, ನಾವೆಲ್ಲ ಬಸ್ಯಾ ಅನ್ನುವವನು, ಕಾವಲು ನಿಂತವನ ಹಾಗೆ ನಿಂತಿದ್ದ. ಇಬ್ಬರೂ ಬಳ್ಳಾರಿಯ ಒಂದು ಜೀನ್ಸ್ ಯೂನಿಟ್ಟಿನಲ್ಲಿ ಕೆಲಸ ಮಾಡುತ್ತಾರೆ. ತಮ್ಮ ಬಟ್ಟೆ ಕತ್ತರಿಸುತ್ತಾನೆ, ಬಸ್ಯಾ ಹೊಲಿಯುತ್ತಾನೆ.

"ಒಳಗ ಗಂಡಸರು ಮಲಗ್ಯಾರ್ರೀ ಮೇಡಂ. ಆ ಕಡೆ ಹೋಗ್ರಿ."

"ಯಾರು?"

"ಇವರ ತಮ್ಮರೀ. ರಾತ್ರಿ ಎಲ್ಲಾ ಪೆಂಡಾಲ್ ಕೆಲಸ, ನಿದ್ದಿ ಇಲ್ಲ. ಕೇಳ್ರಲ್ಲ, ಹೆಂಗ ಗೊರಕಿ ಹೊಡ್ಯಾಕತ್ತಾನ. ಆರಾಮ ಅದಾನ."

ಗೊರಕೆ ನನಗೂ ಕೇಳುತ್ತಿತ್ತು. ನನಗೆ ಸಮಾಧಾನವೇ ಆಯಿತು, ಬೆಳಗಿನಿಂದ ಅವನು ಕೂತಿದ್ದನ್ನೇ ನೋಡಿರಲಿಲ್ಲ. ಮೇಡಂ ತಿರುಗಿ ಎರಡು ಹೆಜ್ಜೆ ಇಟ್ಟರು. ಅಷ್ಟರಲ್ಲಿ ಗೊರಕೆ ನಿಂತಿತು. ಅವರೂ ನಿಂತರು. ಕೆಳಗೆ ವಾಲಗದವರು ಊಟಕ್ಕೆ ಕೂತಿದ್ದರಿಂದ ಸದ್ದೇ ಇರಲಿಲ್ಲ. ಬಹಳ ಹೊತ್ತಾದ ಮೇಲೆ, ನೀರಿನಲ್ಲಿ ಮುಳುಗಿದವನು ಮೇಲೆದ್ದು ಗಾಳಿ ಎಳೆದ ಹಾಗೆ ಗೊರ್ ಎಂದು ಒಂದು ಸದ್ದು ಬಂತು. ಮೇಡಂ ಮುಖ ಬಣ್ಣಗೆಟ್ಟಿತು.

"ಬಾಗಲಾ ತಗಿ."

"ಮೇಡಂ, ಅವಂಗ ಬಿಸಲು ಬಡದೈತ್ರೀ..."

"ಈಗ ನಿದ್ದಿ ಅಂದಿ, ಈಗ ಬಿಸಲು ಅಂತಿ. ಎರಡ್ರಾಗ ಯಾವುದು? ತಗಿಯೋ!"

ನಮ್ಮ ಊರುಗಳಲ್ಲಿ ಬಿಸಿಲಿಗೆ ಎಲ್ಲ ತಪ್ಪನ್ನೂ ಹೊರಿಸಬಹುದು. ತಲೆನೋವು, ವಾಂತಿ, ಸಿಟ್ಟು, ಪರೀಕ್ಷೆಯಲ್ಲಿ ಫೇಲು, ಎಲ್ಲದಕ್ಕೂ ಬಿಸಿಲು ಬಡಿದೈತಿ ಅಂದರೆ ಯಾರೂ ಎದುರಾಡುವುದಿಲ್ಲ. ಬಸ್ಯಾ ಅದನ್ನೇ ನಂಬಿಕೊಂಡಿದ್ದ. ಬಾಗಿಲು ತೆರೆದರೆ ಒಳಗೆ ಊದಿನಕಡ್ಡಿಯ ಹೊಗೆ, ವಾಸನೆ ಮುಚ್ಚಲು ಎರಡು ಕಟ್ಟು ಹಚ್ಚಿದ್ದ. ತಮ್ಮ ಜಮಖಾನದ ಮೇಲೆ ಅಂಗಾತ ಬಿದ್ದಿದ್ದ. ಬಾಯಿ ತೆರೆದಿತ್ತು. ತಲೆಗೆ ನೀರು ಹೊಯ್ದಿದ್ದರು. ಪಕ್ಕದಲ್ಲಿ ಒಂದು ಲೋಟ ಮಜ್ಜಿಗೆ, ಹಿಂಡಿದ ನಿಂಬೆಹಣ್ಣಿನ ಸಿಪ್ಪೆ.

"ಇದು ಬಾಯಾಗ ಹಾಕೀಯೇನು?"

"ಹಾಕಾಕ ಹೋದ್ನಿರೀ, ಒಳಗ ಹೋಗವಲ್ದು. ಇನ್ನೊಂದು ಅರ್ಧ ತಾಸು ಮಲಗಿದ್ರ ಇಳೀತೈತ್ರೀ."

"ಇನ್ನ ಒಂದು ಹನಿ ಹಾಕಬ್ಯಾಡ. ನುಂಗಲಿಕ್ಕೆ ಆಗದವನ ಬಾಯಾಗ ಹಾಕಿದ್ದು ಹೊಟ್ಟಿಗಿ ಹೋಗೂದಿಲ್ಲ, ಶ್ವಾಸಕೋಶಕ್ಕ ಹೋಗ್ತದ."

ಮೇಡಂ ನೆಲದ ಮೇಲೆ ಕೂತು ತಮ್ಮನ ಕೈ ಹಿಡಿದರು. ಆಮೇಲೆ ಅದನ್ನು ನನ್ನ ಕೈಯಲ್ಲಿಟ್ಟರು. ಏಪ್ರಿಲ್ ತಿಂಗಳು, ಸಿರುಗುಪ್ಪ, ಮಧ್ಯಾಹ್ನ ಎರಡು ಗಂಟೆ, ಫ್ಯಾನಿನಿಂದ ಬೆಂಕಿಯಂಥ ಗಾಳಿ. ಆ ಕೈ ಬಾವಿಯಿಂದ ಈಗಷ್ಟೇ ಸೇದಿದ ಕೊಡದ ಹಾಗೆ ತಣ್ಣಗೆ, ಒದ್ದೆಯಾಗಿತ್ತು. ಉಗುರುಗಳಿಗೆ ನೇರಳೆಹಣ್ಣಿನ ಬಣ್ಣ.

"ಬಿಸಲು ಬಡದವರ ಮೈ ಸುಡ್ತದ," ಅಂದರು ಬಸ್ಯಾನ ಕಡೆ ನೋಡದೆ. "ಎಷ್ಟು ಕುಡದಾನ?"

ಬಸ್ಯಾ ಬಾಟಲಿಯನ್ನು ಕಾಲಿನಿಂದ ಮೂಲೆಯ ರಗ್ಗಿನ ಹಿಂದೆ ಸರಿಸಿದ.

ಅವರು ತಮ್ಮನ ಹೆಸರು ಹಿಡಿದು, ಕ್ಲಾಸಿನಲ್ಲಿ ಕೊನೆಯ ಬೆಂಚಿಗೆ ಕೇಳಿಸುವ ದನಿಯಲ್ಲಿ ಕೂಗಿದರು. ಭುಜ ಜಿಗುಟಿದರು. ಮುಷ್ಟಿಯ ಗೆಣ್ಣಿನಿಂದ ಎದೆಯ ಮೂಳೆ ಒತ್ತಿ ಉಜ್ಜಿದರು. ಏನೂ ಇಲ್ಲ. ನಾನು ಆಗ ಒಂದು ಮಾತು ಆಡಿದೆ, ಹೆದರಿಕೆಗೆ ಬಾಯಿಗೆ ಬಂದ ಮಾತು. "ಭಾಳ ದಣದಾನ ಮೇಡಂ, ಗಾಢ ಮಲಗ್ಯಾನ."

"ಮಲಗಿಲ್ಲ!" ಅಂದರು. ಅಷ್ಟು ಸಿಟ್ಟಿನಿಂದ ಅವರು ನನ್ನನ್ನು ತಿದ್ದಿದ್ದು ಅದೊಂದೇ ಸಲ. "ಎಬ್ಬಿಸಿದ್ರ ಏಳೂದು ನಿದ್ದಿ. ಏಳಲಿಲ್ಲಂದ್ರ ಅದು ನಿದ್ದಿ ಅಲ್ಲ, ಅದಕ್ಕ ಬ್ಯಾರೆ ಶಬ್ದ ಅದ. ಇವನಿಗೆ ಎಚ್ಚರ ಇಲ್ಲ. ಎಚ್ಚರ ತಪ್ಪ್ಯಾನ ಅನ್ನು. ಹಂಗ ಅಂದ್ರ ಏನು ಮಾಡಬೇಕು ತಾನೇ ಹೊಳೀತದ."

ನಿಜ. ‘ಮಲಗ್ಯಾನ’ ಅಂದರೆ ಬಾಗಿಲು ಮುಂದೆ ಮಾಡಿ ಬರುತ್ತೇವೆ. ‘ಎಚ್ಚರ ತಪ್ಪ್ಯಾನ’ ಅಂದರೆ ಓಡುತ್ತೇವೆ.

"ನೀ ಲೆಕ್ಕದಾಕಿ. ಅವನ ಎದಿ ನೋಡಿ ಉಸಿರು ಎಣಸು. ಒಂದು ನಿಮಿಷ ಪೂರ್ತಿ," ಎಂದು ನನಗೆ ಹೇಳಿ ಅವರು ಬಸ್ಯಾನ ಕಡೆ ತಿರುಗಿದರು. "ನೀ ಬಾ. ವಾಮಕುಕ್ಷಿ ಮಾಡಸು."

"ಅದ್ಯಾವ ಇಂಜೆಕ್ಷನ್ನರೀ ಮೇಡಂ?" ಅಂದ ಬಸ್ಯಾ.

"ಎಡಕ್ಕ ಹೊಳ್ಳಸೋ ಮಾರಾಯಾ! ಎಡಮಗ್ಗಲಾ!"

ಇಬ್ಬರೂ ಸೇರಿ ಹೊರಳಿಸಿದರು. ಎಡಗೈ ಮುಂದೆ ಚಾಚಿ, ಬಲಗೈ ಗಲ್ಲದ ಕೆಳಗೆ ಇಟ್ಟು, ಹಿಂದಕ್ಕೆ ಬೀಳದ ಹಾಗೆ ಬಲ ಮೊಣಕಾಲು ಮಡಚಿ ಮುಂದಕ್ಕೆ ಊರಿದರು. ತಲೆ ಸ್ವಲ್ಪ ಹಿಂದಕ್ಕೆ, ಬಾಯಿ ನೆಲದ ಕಡೆಗೆ. ನಾನು ಎಣಿಸುತ್ತಿದ್ದೆ. ಒಂದು ನಿಮಿಷಕ್ಕೆ ಏಳು. ನಡುವೆ ಒಂದು ಸಲ ಎದೆ ಏಳಲೇ ಇಲ್ಲ, ನಾನು ಹನ್ನೊಂದು ಸೆಕೆಂಡು ಕಾದೆ. ಎಷ್ಟೋ ದೊಡ್ಡ ಸಂಖ್ಯೆಗಳ ಜೊತೆ ದಿನ ಕಳೆಯುವವಳು ನಾನು, ಏಳು ಅನ್ನುವುದು ಇಷ್ಟು ಸಣ್ಣದು ಅಂತ ಅವತ್ತೇ ಗೊತ್ತಾಗಿದ್ದು.

"ಏಳು," ಅಂದೆ.

"108ಕ್ಕ ಫೋನ್ ಹಚ್ಚು. ಕುಡದು ಎಚ್ಚರ ತಪ್ಪ್ಯಾನ, ಉಸಿರು ನಿಮಿಷಕ್ಕ ಏಳು ಅಂತ ಹೇಳು. ಬಿಸಲು ಅನ್ನಬ್ಯಾಡ."

ಫೋನಿನಲ್ಲಿ ವಿಳಾಸ ಹೇಳುತ್ತಿರುವಾಗಲೇ ತಮ್ಮ ವಾಂತಿ ಮಾಡಿಕೊಂಡ. ಕಣ್ಣು ತೆರೆಯದೆ, ಮೈ ಅಲುಗಿಸದೆ. ಎಲ್ಲ ಬಾಯಿಯ ಪಕ್ಕದಿಂದ ಹೊರಗೆ ಬಂದು ಮೇಡಂ ಸೀರೆಯ ಮೇಲೆ ಹರಿಯಿತು. ಎರಡು ನಿಮಿಷದ ಹಿಂದೆ ಅವನು ಅಂಗಾತ ಇದ್ದ. ಅದನ್ನು ನೆನೆದರೆ ಈಗಲೂ ಪೆನ್ನು ನಿಲ್ಲುತ್ತದೆ. ಅವರು ಬೆರಳಿಗೆ ಸೆರಗು ಸುತ್ತಿ ಅವನ ಬಾಯಿ ಒರೆಸಿ, ಒದ್ದೆ ಅಂಗಿ ತೆಗೆಸಿ, ಮೂಲೆಯಲ್ಲಿದ್ದ ರಗ್ಗು ಹೊದಿಸಿದರು. ಆ ಬಿಸಿಲಲ್ಲಿ ರಗ್ಗು! ಬಸ್ಯಾ ಅಳಲು ಶುರು ಮಾಡಿದ.

"ಅಳೂದು ಆಮ್ಯಾಲೆ. ಎಷ್ಟು ಕುಡದಾನ, ಯಾವಾಗ?"

"ಮೂರು ಕ್ವಾರ್ಟರ್ ರೀ. ಒಂದು ತಾಸಿನ್ಯಾಗ. ಅಕ್ಕ ಹೊಂಟ್ಲು ಅಂತ ಮೂಲ್ಯಾಗ ಕುಂತು ಅಳಾಕತ್ತಿದ್ದರೀ. ಒಂದು ಹಾಕು, ಅಳು ನಿಲ್ತೈತಿ ಅಂದ್ವಿ. ಅವಂಗ ರೂಢಿ ಇಲ್ಲರೀ. ಅಕ್ಕಿಕಾಳು ಬೀಳೂತನಕ ಉಪಾಸ ಬ್ಯಾರೆ ಇದ್ದ."

"ಮಾತ್ರಿ ಏನರ ನುಂಗ್ಯಾನೇನು?"

"ಇಲ್ಲರೀ. ಬಸಣ್ಣದೇವರ ಆಣಿ, ಇಲ್ಲ."

ಅಪ್ಪ ಬಂದದ್ದು ಆಗ. ಬಾಗಿಲಲ್ಲಿ ನಿಂತು ಮಗನನ್ನು ನೋಡಿದರು, ಬಾಟಲಿ ನೋಡಿದರು. ಮೊದಲು ಬಂದ ಮಾತು, "ಬೀಗರಿಗೆ ಗೊತ್ತಾತೇನು?" ಅಪ್ಪನನ್ನು ನಾನು ಬೈಯುವುದಿಲ್ಲ. ಹೆಣ್ಣು ಕೊಟ್ಟ ಮನೆಯವರು ಅವತ್ತು ಬೇರೆ ಯಾವ ಮಾತು ಆಡಬಲ್ಲರು? "ಸ್ವಲ್ಪ ತಡೀರಿ ಮೇಡಂ, ಮದುವಿ ಬಾಗಲಕ್ಕ ಆಂಬುಲೆನ್ಸ್ ಬ್ಯಾಡ. ಮಗಳನ್ನ ಕಳಿಸಿಕೊಟ್ಟ ಮ್ಯಾಲೆ ನಾವ ಕಾರಿನ್ಯಾಗ ಒಯ್ತೀವಿ. ಅಷ್ಟೊತ್ತಿಗೆ ಇಳಿದಿರತೈತಿ."

"ಇಳಿಯೂದಿಲ್ಲರೀ, ಏರ್ತದ," ಅಂದರು ಮೇಡಂ. ಈಗ ದನಿ ಮೆತ್ತಗಿತ್ತು. "ಕುಡಿಯೂದು ನಿಲ್ಸಿದ್ರೂ ಹೊಟ್ಟ್ಯಾಗ ಇರೂದು ಇನ್ನೂ ರಕ್ತಕ್ಕ ಏರ್ಲಿಕ್ಕತ್ತದ. ನೀವು ಇಳೀತದ ಅಂತ ಕೂತಿರ್ತೀರಿ, ಅದು ಏರಿಕೋತ ಹೋಗ್ತದ. ಬೀಗರಿಗೆ ನಾ ಹೇಳ್ತೀನಿ. ನೀವು ಮಗನ ಕಡೆ ಕೂಡ್ರಿ. ಒಬ್ಬನ್ನ ಬಿಡಬ್ಯಾಡ್ರಿ."

ಯಾರೋ ಮೆಟ್ಟಿಲ ಹತ್ತಿರ "ಊಟ ಏನೋ ಒಗ್ಗಿಲ್ಲ ಅಂತ ಹೇಳೂಣು" ಅಂದರು. ಅದು ಅಡುಗೆಯವರ ಕಿವಿಗೆ ಬಿತ್ತು. ಸೌಟು ಹಿಡಿದೇ ಮೇಲೆ ಬಂದರು. "ನನ್ನ ಅಡಿಗಿ ಮ್ಯಾಲೆ ಹಾಕ್ತೀರೇನ್ರಿ? ಆರುನೂರು ಮಂದಿ ಉಂಡಾರ, ಒಬ್ಬರಿಗೂ ಹುಳಿತೇಗು ಸುದ್ದಾ ಬಂದಿಲ್ಲ! ಅವ ನನ್ನ ಎಲಿಗೆ ಕುಂತೇ ಇಲ್ಲ!" ಮೇಡಂ ಅವರಿಗೆ ಕೈ ಮುಗಿದು, "ನಿಮ್ಮ ಹೋಳಿಗಿ ಚೊಲೋ ಇತ್ರಿ. ಡಾಕ್ಟರಿಗೆ ಖರೇನೇ ಹೇಳ್ತೀವಿ. ಸುಳ್ಳು ಹೇಳಿದ್ರ ಸುಳ್ಳಿಗೆ ಔಷಧಾ ಕೊಡ್ತಾರ" ಅಂದರು.

ವಾಂತಿಯ ಕಲೆಯ ಸೀರೆಯಲ್ಲೇ ಅವರು ಕೆಳಗಿಳಿದು ಬೀಗರ ಮುಂದೆ ಹೋಗಿ ನಿಂತರು. ಏನು ಹೇಳಿದರೋ ನಾನು ಕೇಳಲಿಲ್ಲ, ನಾನು ತಮ್ಮನ ಉಸಿರು ಎಣಿಸುತ್ತ ಕೂತಿದ್ದೆ. ಕಿಟಕಿಯಿಂದ ಕಂಡದ್ದು ಮಾತ್ರ ಬರೆಯುತ್ತೇನೆ. ಗೇಟಿಗೆ ಅಡ್ಡ ಹೂವಿನ ಕಾರು ನಿಂತಿತ್ತು, ಡ್ರೈವರ್ ಎಲ್ಲೋ ಊಟಕ್ಕೆ ಹೋಗಿದ್ದ. ಮದುಮಗ, ಅಂದರೆ ಈಗ ನಮ್ಮ ಭಾವ, ಹಣೆಗೆ ಬಾಸಿಂಗ ಕಟ್ಟಿಕೊಂಡೇ ಓಡಿಬಂದು ಕಾರಿನೊಳಗೆ ತೂರಿ, ಹಿಂದೆ ನೋಡಲು ಬಾಸಿಂಗ ಅಡ್ಡ ಬರುತ್ತಿದ್ದುದರಿಂದ ಅದನ್ನು ಮೇಲಕ್ಕೆ ಸರಿಸಿ ಕಾರನ್ನು ರಿವರ್ಸ್ ತೆಗೆದರು. ಅವರ ಅಪ್ಪ ರಸ್ತೆಯಲ್ಲಿ ನಿಂತು "ಬಾ, ಬಾ, ಬಾ" ಎಂದು ಕೈ ಬೀಸುತ್ತಿದ್ದರು. ಆಂಬುಲೆನ್ಸಿಗೆ ದಾರಿ ಆಯಿತು. ಅಪ್ಪ ಅಷ್ಟು ಹೆದರಿದ್ದ ಬೀಗರು ಮಾಡಿದ್ದು ಇಷ್ಟು.

ಆಸ್ಪತ್ರೆಯಲ್ಲಿ ಎಷ್ಟು, ಯಾವಾಗ, ಬೇರೆ ಏನಾದರೂ ಸೇರಿತ್ತೇ ಎಂದು ಡಾಕ್ಟರು ಕೇಳಿದ್ದಕ್ಕೆ ಬಸ್ಯಾ ಬಾಟಲಿ ತೋರಿಸಿ ಎಲ್ಲ ಹೇಳಿದ. ಆಕ್ಸಿಜನ್ ಹಾಕಿದರು, ಸಕ್ಕರೆ ಪರೀಕ್ಷೆ ಮಾಡಿದರು, ಸಲೈನ್ ಏರಿಸಿದರು. ದೊಡ್ಡಕ್ಕ ಗಂಡನ ಮನೆಗೆ ಹೋಗುವ ಮೊದಲು ಧಾರೆ ಸೀರೆಯಲ್ಲೇ ಬಂದು ಅವನ ತಲೆ ಸವರಿ ಹೋದಳು. ನರ್ಸ್ ಒಂದೊಂದು ಸಲ ಬಂದು ಹೋಗುವಾಗಲೂ ನಾನು "ಈಗ ಎಷ್ಟು?" ಅನ್ನುತ್ತಿದ್ದೆ. ಒಂಬತ್ತು, ಹನ್ನೊಂದು, ಹದಿಮೂರು. ಆ ದಿನದ ನನ್ನ ಡೈರಿಯಲ್ಲಿ ಮದುವೆಯ ಬಗ್ಗೆ ಒಂದು ಅಕ್ಷರ ಇಲ್ಲ, ಈ ಅಂಕಿಗಳಷ್ಟೇ ಇವೆ.

ಮರುದಿನ ಬೆಳಿಗ್ಗೆ ತಮ್ಮ ಕಣ್ಣು ತೆರೆದು, ಸುತ್ತ ನೋಡಿ, "ಊಟ ಆತೇನು?" ಎಂದು ಕೇಳಿದ. ಅವ್ವ ಸೆರಗು ಬಾಯಿಗೆ ಇಟ್ಟುಕೊಂಡು ಅತ್ತಳು. ಅಪ್ಪ "ಆತಪ್ಪಾ, ಹೋಳಿಗಿ ಸುದ್ದಾ ಮುಗದ್ವು" ಅಂದು ಹೊರಗೆ ಹೋದರು. ಹೊರಗೆ ವರಾಂಡದಲ್ಲಿ ಮೇಡಂ, ಅವ್ವ ಕೊಟ್ಟಿದ್ದ ಬೇರೆ ಸೀರೆ ಉಟ್ಟು, ಬೆಂಚಿನ ಮೇಲೆ ಎಡಮಗ್ಗುಲಾಗಿ ಮಲಗಿದ್ದರು. ಬೆಳಗಿನ ಹೊತ್ತು ನಾನು ಅವರನ್ನು ಹಾಗೆ ಕಂಡದ್ದು ಅದೊಂದೇ ಸಲ. ಕರೆದೆ. "ನಿನ್ನಿದು, ಬಾಕಿ ಇತ್ತು," ಅಂದರು.

ವಾರದ ಮೇಲೆ ತಮ್ಮ ಹಣ್ಣು ಹಿಡಿದು ಬಳ್ಳಾರಿಯ ಅವರ ಮನೆಗೆ ಹೋದ. ಏನು ಮಾತಾಡಬೇಕೆಂದು ತಿಳಿಯದೆ ಹೊಸ್ತಿಲಲ್ಲೇ ನಿಂತನಂತೆ. "ಬಾರಪ್ಪಾ, ಎದ್ದು ಓಡಾಡ್ಲಿಕ್ಕತ್ತಿ, ಸಾಕು. ನನ್ನ ಒಂದು ವಾಮಕುಕ್ಷಿ ನಿನ್ನ ಕಡೆ ಹೋತು ನೋಡು, ಅದನ್ನ ಹೆಂಗ ತಿರುಗಿ ಕೊಡ್ತಿ?" ಅಂದರಂತೆ. ಅವನು ಅದನ್ನು ತಮಾಷೆ ಅಂದುಕೊಳ್ಳಲಿಲ್ಲ. ಯೂನಿಟ್ಟಿನಲ್ಲಿ ಉಳಿದ ಜೀನ್ಸ್ ಬಟ್ಟೆ ಕತ್ತರಿಸಿ, ಬಸ್ಯಾನ ಕೈಯಲ್ಲಿ ಹೊಲಿಸಿ, ಹತ್ತಿ ತುಂಬಿ ಒಂದು ಪುಟ್ಟ ದಿಂಬು ಮಾಡಿ ನನ್ನ ಕೈಯಲ್ಲಿ ಕಳಿಸಿದ. ಬಸ್ಯಾ ಅದಕ್ಕೆ ಪ್ಯಾಂಟಿನ ಕಿಸೆಯನ್ನೂ ಹಚ್ಚಿದ್ದ. ಕನ್ನಡಕ ಇಡಲು, ಅಂದ. ಅಂದಿನಿಂದ ಮೇಡಂ ಸ್ಟಾಫ್ ರೂಮಿನಲ್ಲಿ ಇಲಕಲ್ ಸೆರಗು ಹೊದ್ದು, ಜೀನ್ಸ್ ದಿಂಬಿಗೆ ತಲೆ ಕೊಟ್ಟು ಮಲಗುತ್ತಿದ್ದರು.

ಶಾಲೆ ಶುರುವಾದ ಮೇಲೆ ಒಂದು ದಿನ ಬಸ್ಸಿನಲ್ಲಿ ಕೇಳಿದೆ. ಆ ಗೊರಕೆ ಕೇಳಿ ನೀವು ಯಾಕೆ ನಿಂತಿರಿ, ನಾನು ನಿಲ್ಲಲಿಲ್ಲವಲ್ಲ? ಅವರು ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು. "ಗೈಡ್ಸ್ ಕ್ಯಾಂಪಿನ್ಯಾಗ ಪ್ರಥಮ ಚಿಕಿತ್ಸಾ ಕಲಿಸಿದ್ರು. ಆದ್ರ ನಾನು ಕಲಿಯೂ ಹೊತ್ತಿಗೆ ತಡ ಆಗಿತ್ತು. ಸಿರುಗುಪ್ಪದಾಗ ಇದ್ದಾಗ ಒಂದು ಮಧ್ಯಾಹ್ನ ನಮ್ಮ ಮನ್ಯಾಗೂ ಹಿಂಗ ಗೊರಕಿ ಕೇಳ್ತು. ದಣದಾರ, ಮಲಗ್ಲಿ ಅಂತ ನಾನೇ ಬಾಗಲಾ ಮುಂದ ಮಾಡಿ, ನಾನೂ ವಾಮಕುಕ್ಷಿಗೆ ಹೋದೆ. ಎದ್ದು ಬಂದಾಗ ಗೊರಕಿ ನಿಂತಿತ್ತು. ಹಾರ್ಟ್ ಅಂತ ಹೇಳಿದ್ವಿ. ನಮ್ಮಂಥವರ ಮನ್ಯಾಗ ಆ ಇನ್ನೊಂದು ಶಬ್ದ ಯಾರೂ ಆಡೂದಿಲ್ಲ."

ಯಾರು ಎಂದು ನಾನು ಕೇಳಲಿಲ್ಲ. ಕುರುಗೋಡಿನ ಗುಡ್ಡ ಕಂಡಿತು. ಇಳಿಯುವ ಮೊದಲು ಒಂದೇ ಕೇಳಿದೆ, ಅದಾದ ಮೇಲೂ ಮಧ್ಯಾಹ್ನ ಮಲಗುವುದನ್ನು ಯಾಕೆ ಬಿಡಲಿಲ್ಲ? "ಮಲಗಿದ್ದು ತಪ್ಪಲ್ಲ," ಅಂದರು. "ಶಬ್ದ ತಪ್ಪಿತ್ತು."

ಆ ತಿಂಗಳೇ ಹತ್ತನೆಯ ಕ್ಲಾಸಿನಲ್ಲಿ ಅವರು ಒಂದು ಪಾಠ ಮಾಡಿದರು. ಹೆಡ್‌ಮಾಸ್ತರರು "ಕುಡಿಯೂ ವಿಷಯ ಮಕ್ಕಳಿಗೆ ಯಾಕ ಮೇಡಂ?" ಅಂದಾಗ, "ಸಮಾಸ ಹೇಳಿಕೊಡ್ಲಿಕ್ಕತ್ತೀನಿ ಸರ್, ವಾಮಕುಕ್ಷಿ ಅಂತ" ಅಂದು ಒಳಗೆ ಹೋದರು. ಎಲ್ಲರಿಗಿಂತ ಉದ್ದದ ಹುಡುಗನನ್ನು ಮೇಜಿನ ಮೇಲೆ ಮಲಗಿಸಿ ನಾಲ್ಕು ಜನರಿಂದ ಹೊರಳಿಸಿದರು. ಅವನಿಗೆ ಕಚಗುಳಿಯಾಗಿ ಎಚ್ಚರ ತಪ್ಪಿದಂತೆ ನಟಿಸಲು ಆಗಲಿಲ್ಲ. "ಏಯ್, ನಗೂದಾದ್ರ ಎಚ್ಚರ ಅದಿ ಅಂತ ಅರ್ಥ, ಇಳಿ ಕೆಳಗ" ಎಂದು ಇನ್ನೊಬ್ಬನನ್ನು ಹತ್ತಿಸಿದರು. ಕಾಫಿ ಕುಡಿಸಬಾರದು, ತಣ್ಣೀರು ಹೊಯ್ಯಬಾರದು, ಎಬ್ಬಿಸಿ ನಡೆಸಬಾರದು, ಗಂಟಲಿಗೆ ಬೆರಳು ಹಾಕಬಾರದು, ಒಬ್ಬರನ್ನೇ ಬಿಡಬಾರದು. ಇವನ್ನೆಲ್ಲ ನಿಷೇಧಾರ್ಥಕ್ಕೆ ಉದಾಹರಣೆ ಅಂತ ಬೋರ್ಡಿನ ಮೇಲೆ ಬರೆಸಿದರು.

ಕಿಟಕಿಯ ಹತ್ತಿರದ ಒಂದು ಹುಡುಗಿ ಎದ್ದು ನಿಂತಳು. "ಮೇಡಂ, ನಮ್ಮಪ್ಪ ದಿನಾ ಹಂಗ ಬೀಳ್ತಾನರೀ. ದಿನಾ 108ಕ್ಕ ಫೋನ್ ಮಾಡ್ಬೇಕೇನ್ರಿ?"

ಕ್ಲಾಸು ನಕ್ಕಿತು. ಮೇಡಂ ನಗಲಿಲ್ಲ. ಅವಳ ಬೆಂಚಿನವರೆಗೆ ಹೋದರು.

"ದಿನಾ ಎಡಕ್ಕ ಹೊಳ್ಳಸು. ದಿನಾ ಕರಿ, ‘ಅಪ್ಪಾ’ ಅಂತ. ಬೈದ್ರ ಚೊಲೋ ಆತು, ಬಾಜೂಕ ಒಬ್ಬರು ಕೂಡ್ರಿ, ಸ್ವಲ್ಪ ಹೊತ್ತಿಗೆ ತಿರುಗಿ ಕರಿ. ಬೈಯಲಿಲ್ಲ ಅಂದ್ರ, ಉಸಿರು ತಡತಡದು ಬಂದ್ರ, ಮೈ ತಣ್ಣಗಾದ್ರ ಫೋನ್ ಹಚ್ಚು. ಯಾರನ್ನೂ ಕೇಳಬ್ಯಾಡ. ಎಲ್ಲಾ ಎಣಿಸಿಕೋತ ಕೂಡಬ್ಯಾಡ, ಒಂದು ಕಂಡ್ರೂ ಸಾಕು."

"ಬೈದ್ರ ಚೊಲೋ ಏನ್ರಿ?" ಅಂದಳು ಹುಡುಗಿ, ನಂಬಲಾಗದೆ.

"ಅವತ್ತಿನ ಮಟ್ಟಿಗೆ," ಅಂದರು ಮೇಡಂ. ಆ ಹುಡುಗಿಯ ಮನೆಗೆ ಅವರು ಮುಂದಿನ ಶನಿವಾರ ಹೋದರು, ಆಮೇಲೂ ಹೋಗುತ್ತಿದ್ದರು. ಅವಳ ಅಪ್ಪ ಈಗ ಬಳ್ಳಾರಿಗೆ ಚಿಕಿತ್ಸೆಗೆ ಹೋಗಿಬರುತ್ತಾರೆ. ಪೂರಾ ಬಿಟ್ಟಿಲ್ಲ. ಬದುಕಿದ್ದಾರೆ.

ಮೇ 31ರಂದು ಶಾಲು, ಹಾರ, ಭಾಷಣ ಎಲ್ಲ ಆದವು. ಭಾಷಣ ಮಾಡಿದವರ ಶಬ್ದಗಳನ್ನು ಅವರು ತಿದ್ದಲಿಲ್ಲ, ಅದಕ್ಕೇ ನನಗೆ ಅವರು ನಿಜವಾಗಿ ಹೋಗುತ್ತಿದ್ದಾರೆ ಅನ್ನಿಸಿತು. ದಿಂಬನ್ನು ಕೈಚೀಲಕ್ಕೆ ಹಾಕಿಕೊಂಡರು. ಬಸ್ಸು ಹತ್ತುವಾಗ ಕಂಡಕ್ಟರ್ "ಮೇಡಂ, ಮುಂದ ಸಡ್ಲ ಐತ್ರೀ, ಬರ್ರಿ" ಎಂದು ಕರೆದ. ಅವತ್ತು ಬಸ್ಸಿನಲ್ಲಿ ನಿಜಕ್ಕೂ ಯಾರೂ ಇರಲಿಲ್ಲ. "ಖಾಲಿ ಅನ್ನಪ್ಪಾ, ಇವತ್ತು ಖಾಲೀನೇ ಅದ," ಅಂದರು.

ಈಗ ಏಳು ಇಪ್ಪತ್ತೈದು, ಮಾಳಿಗೆ ಕಾಯುತ್ತಿದೆ. ಕೆಳಗೆ ತಮ್ಮ ಎದ್ದು ಒಗ್ಗರಣೆ ಮಂಡಕ್ಕಿ, ಮಿರ್ಚಿ ತರಲು ಬಸ್ಯಾನ ಜೊತೆ ಹೊರಟಿದ್ದಾನೆ, ಗಾಡಿಯ ಸದ್ದು ಕೇಳುತ್ತಿದೆ.

ಸಿರುಗುಪ್ಪದಲ್ಲಾಗಲಿ ಕುರುಗೋಡಿನಲ್ಲಾಗಲಿ ಈ ಮೇಡಂ ಹತ್ತಿರ ಕನ್ನಡ ಕಲಿತವರು ಇದನ್ನು ಓದುತ್ತಿದ್ದರೆ ನನ್ನದೊಂದು ಬೇಡಿಕೆ. ಸಿರುಗುಪ್ಪದ ಅವರ ಮನೆಯ ಆ ಬಾಗಿಲಿನ ಹಿಂದೆ ಅವತ್ತು ಇದ್ದವರು ಯಾರು ಅಂತ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು, ಅದನ್ನು ಬರೆಯಬೇಡಿ. ಅದು ಅವರ ಮನೆಯ ಮಾತು. ಆದರೆ ಅವರು ಹೇಳಿಕೊಟ್ಟದ್ದು ನೆನಪಾಗಿ ನೀವು ಯಾರನ್ನಾದರೂ ಎಡಮಗ್ಗುಲಿಗೆ ಹೊರಳಿಸಿದ್ದರೆ, ಕರೆದಾಗ ಅವರು ಎದ್ದು ನಿಮ್ಮನ್ನು ಬೈದಿದ್ದರೆ, ಈ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ನನ್ನ ಲೆಕ್ಕದಲ್ಲಿ ಸದ್ಯಕ್ಕೆ ಎರಡು ಇದೆ, ನನ್ನ ತಮ್ಮ ಮತ್ತು ಆ ಹುಡುಗಿಯ ಅಪ್ಪ. ಮೇಡಂ ತಮ್ಮ ಲೆಕ್ಕದಲ್ಲಿ ಇನ್ನೂ ಆ ಒಂದನ್ನೇ ಕಳೆಯುತ್ತ ಕೂತಿದ್ದಾರೆ. ಕೂಡಿಸಿ ತೋರಿಸಬೇಕು.